ಸಕಲೇಶಪುರದ ಶ

ಹೊಸಲೈನ್ ರಸ್ತೆಯ ನಮ್ಮ ಶೆಡ್ಡಿನಲ್ಲಿ
ಹೊಸ ಡಬ್ಬ ಎದ್ದಾಗಲೆಲ್ಲ
ಮೊದಲು ಮಾತಾಡುವುದು ನಾನೇ.

ಅರ್ಧ ನಿಮಿಷ, ಮೊಬೈಲಿನಲ್ಲಿ ಹಿಡಿದಿಟ್ಟದ್ದು:
ಕಂದಲಿ, ಬೈರಾಪುರ, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ.
ಹನ್ನೊಂದು ವರ್ಷ ಅದೇ ರೂಟು, ಅದೇ ಗಂಟಲು.

ಹಾಡು ಬೇಡ, ಅನ್ನುತ್ತಾರೆ ನಮ್ಮವರು.
ಹಾಡು ಮೋಸ ಮಾಡುತ್ತೆ, ಕೆಟ್ಟ ಡಬ್ಬದಲ್ಲೂ ಚೆಂದ ಕೇಳುತ್ತೆ.
ಊರ ಹೆಸರು ತಪ್ಪಿಸಿಕೊಳ್ಳಲಾರದು:
ಬಾಳ್ಳುಪೇಟೆಯ ಬಾ ಕೆಳಗಿನ ದೊಡ್ಡ ಕೋನಿಗೆ,
ಸಕಲೇಶದ ಸ, ಶ ಮೇಲಿನ ಪುಟ್ಟ ಗುಮ್ಮಟಕ್ಕೆ,
ನಡುವೆ ಎಲ್ಲೋ ನನ್ನನ್ನು ಹೋಳು ಮಾಡಿ
ಇಬ್ಬರಿಗೂ ಹಂಚುವುದು ಒಂದು ಹಲಗೆ.
ಅಂಗೈಯಗಲ. ಅದರ ಮೇಲೆ ತಾಮ್ರದ ಸುರುಳಿ ಎರಡು,
ಕೆಪಾಸಿಟರ್, ಬಳಪದಂಥ ರೆಸಿಸ್ಟರ್.
ಕ್ರಾಸ್‌ಓವರ್ ಅಂತಾರೆ. ನಾನು ಕಂಡಕ್ಟರ್ ಅನ್ನುತ್ತೇನೆ:
ಯಾರು ಎಲ್ಲಿ ಇಳಿಯಬೇಕೆಂದು ಅದಕ್ಕೆ ಗೊತ್ತು.

ಆ ಸಲದ್ದು ಅರಸೀಕೆರೆಯ ರೈಲ್ವೆ ಗಾರ್ಡ್ ಒಬ್ಬರ ಜೋಡಿ.
ಮೇಲೆ ಬೀಟೆಯ ತೆಳುಪದರ, ಒಳಗೆ ಜಾಗ ಕಡಿಮೆ.
ಗುಂಡಿ ಒತ್ತಿದರು.
ಕಂದಲಿ ನಾನೇ. ಬಾಳ್ಳುಪೇಟೆಯ ತನಕ ನಾನೇ.
ಸಕಲೇಶಪುರ ಮಾತ್ರ
ಮಗ್ಗುಲಲ್ಲಿ ನಿಂತ ಬೇರೆ ಯಾರೋ
ನನ್ನ ಜೊತೆಜೊತೆಗೇ ಹೇಳಿದ ಹಾಗೆ.

"ಇದು ನಾನಲ್ಲ" ಅಂದೆ.
"ತಮ್ಮ ದನಿ ಯಾರಿಗೂ ಹಿಡಿಸಲ್ಲ ಕಣೇ" ಅಂದರು.

ಭಾನುವಾರ ಡ್ರೈವರ್ ಗೌಸಣ್ಣನನ್ನು ಕರೆದೆ.
ಬಸ್ಸಿನಲ್ಲಿ ಅವನಿಗೆ ನಾನು ಬರೀ ದನಿ,
ಕನ್ನಡಿಯಲ್ಲಿ ಅರ್ಧ ಖಾಕಿ ತೋಳು.
ಇಲ್ಲೂ ಡಬ್ಬಕ್ಕೆ ಬೆನ್ನು ಮಾಡಿ
ಸ್ಟೂಲಿನ ಮೇಲೆ ಕೂತ, ರಸ್ತೆ ನೋಡುತ್ತಾ.
ಬೀಡಿ ಹಚ್ಚದೆ ಬೆರಳಲ್ಲೇ ಹೊರಳಿಸಿ ಹೇಳಿದ:
"ಬಾಳ್ಳುಪೇಟೆ ಸರಿ ಆಚಾರ್ರೇ.
ಸಕಲೇಶಪುರ ಬಂದರೆ ನೀಲಕ್ಕನಿಗೆ ನೆಗಡಿ."

ಎಂಟು ಸ್ಕ್ರೂ ಬಿಚ್ಚಿ, ಹಲಗೆ ಹೊರಗೆ ತೆಗೆದು ಮೀಟರಿಟ್ಟರು.
ಬರೆದ ಲೆಕ್ಕ ಎರಡೂವರೆ, ಮೀಟರ್ ಹೇಳಿದ್ದೂ ಎರಡೂವರೆ.
ಬೆಸುಗೆ ಗಟ್ಟಿ. ತಂತಿ ಕಡಿದಿಲ್ಲ.
ಒಳಗಿಟ್ಟರೆ ಮತ್ತೆ ನೆಗಡಿ.
ಮೂರು ದಿನ ಹೀಗೆ, ಅನ್ನದ ತಟ್ಟೆಯ ಮುಂದೆಯೂ ಮಾತಿಲ್ಲ.

ನಾಲ್ಕನೆಯ ದಿನ ಡಿಪೋದಲ್ಲಿ ನನ್ನ ಲೆಕ್ಕಕ್ಕೆ
ಮೂರು ರೂಪಾಯಿ ಕಮ್ಮಿ.
ಮಧ್ಯಾಹ್ನ ಊಟಕ್ಕೆ ಬಂದವಳು
ಚಿಲ್ಲರೆ ಅವರ ಬೆಂಚಿನ ಮೇಲೆ ಸುರಿದು ಎಣಿಸಿದ್ದೆ.
ಕೈಯಿಂದ ಕಟ್ಟಿ, ಬೈದುಕೊಂಡು ಬಂದು ನೋಡಿದರೆ
ಬಿಚ್ಚಿಟ್ಟ ಸ್ಪೀಕರಿನ ಬೆನ್ನಿನ ಸೂಜಿಗಲ್ಲಿಗೆ
ಅಂಟಿಕೊಂಡು ಮೂರು ನಾಣ್ಯ.

ಅವರು ಒಂದನ್ನು ಕಿತ್ತರು. ಬಿಟ್ಟರು. ಟಕ್.
ಮತ್ತೆ ಕಿತ್ತರು.
ಆಮೇಲೆ ದೊಡ್ಡ ಸುರುಳಿಯನ್ನು ನೋಡಿದರು:
ತಾಮ್ರ ಉಳಿಸಲು ಅದರ ಹೊಟ್ಟೆಗೆ ತುರುಕಿದ ಕಬ್ಬಿಣ,
ಡಬ್ಬದೊಳಗೆ ಅದು ಕೂರುತ್ತಿದ್ದದ್ದು
ಸೂಜಿಗಲ್ಲಿನ ಬೆನ್ನಿಗೆ, ಎರಡು ಬೆರಳು ದೂರ.

ಕೂತ ಜಾಗದಲ್ಲೇ ಅಳೆದರು. ಎರಡಕ್ಕೂ ಕಮ್ಮಿ.
ಮುಟ್ಟಿರಲಿಲ್ಲ, ತಗಲಿರಲಿಲ್ಲ.
ಕಬ್ಬಿಣ ಮೊದಲೇ ಹೊಟ್ಟೆ ತುಂಬ ಉಂಡು
ನನ್ನ ಸ್ವರಕ್ಕೆ ಜಾಗ ಉಳಿಸಿರಲಿಲ್ಲ;
ದೊಡ್ಡ ಕೋನು ಇಳಿಯಬೇಕಾದಲ್ಲಿ ಇಳಿಯದೆ,
ಟಿಕೆಟ್ಟಿಲ್ಲದೆ ಮುಂದಿನ ಸ್ಟಾಪಿಗೂ ಬಂದು
ಪುಟ್ಟದರ ಮಾತಿಗೆ ಬಾಯಿ ಹಾಕುತ್ತಿತ್ತು.

ಕಬ್ಬಿಣ ಹೋಯಿತು. ಬರೀ ತಾಮ್ರ ಸುತ್ತಿದರು, ರಾತ್ರಿಯೆಲ್ಲ.
ಸುತ್ತು ಎಣಿಸುವ ಕೆಲಸ ನನ್ನದು;
ಇನ್ನೂರ ಹತ್ತರಲ್ಲಿ ತೂಕಡಿಸಿ
ಇನ್ನೂರ ಹತ್ತೋ ನೂರ ಹತ್ತೋ ಎಂದು ಜಗಳ.
ಹಲಗೆ ಡಬ್ಬದ ತಳಕ್ಕಿಳಿಯಿತು, ಹಿಂದಿನ ಮೂಲೆಗೆ,
ಸೂಜಿಗಲ್ಲಿಗೂ ಅದಕ್ಕೂ ಒಂದು ಗೇಣು, ಮೇಲೆ ನಾಲ್ಕು ಬೆರಳು.
ಸ್ಕ್ರೂ ಹಿತ್ತಾಳೆಯದು.
ಒಂದು ಸುರುಳಿ ಮಲಗಿ, ಇನ್ನೊಂದು ನಿಂತು,
ಒಂದರ ಗುಟ್ಟು ಇನ್ನೊಂದು ಕದ್ದು ಕೇಳದ ಹಾಗೆ.

ಮುಂದಿನ ಭಾನುವಾರ ಅದೇ ಸ್ಟೂಲು, ಅದೇ ಬೆನ್ನು.
ಕಂದಲಿ. ಬೈರಾಪುರ. ಪಾಳ್ಯ.
ಗೌಸಣ್ಣ ಏನೂ ಹೇಳಲಿಲ್ಲ.
ಸಕಲೇಶಪುರ ಅಂದಾಗ
ಅವನ ಬಲಗಾಲು, ಹವಾಯಿ ಚಪ್ಪಲಿ ಸಮೇತ,
ಸಿಮೆಂಟು ನೆಲವನ್ನು ಮೆಲ್ಲಗೆ ಒತ್ತಿತು.